ಬೆಂಗಳೂರು ಸುತ್ತಿದ್ದು ಒಳಗೋ, ಹೊರಗೋ?

ಪ್ರಶ್ನೆ: ‘ಗುಡಿ ಸುತ್ತಿದೆ’ ಅಂದರೆ ಗರ್ಭಗುಡಿಯ ಹೊರಗೆ ಪ್ರದಕ್ಷಿಣೆ ಹಾಕಿದೆ ಅಂತ. ‘ಬೆಂಗಳೂರು ಸುತ್ತಿದೆ’ ಅಂದರೆ ಊರೊಳಗೆಲ್ಲ ಓಡಾಡಿದೆ ಅಂತ. ಪದ ಒಂದೇ ಅಲ್ವಾ, ಅರ್ಥ ಯಾಕೆ ಬೇರೆ?

ಉತ್ತರ: ‘ಸುತ್ತು’ ಹೇಳೋದು ತಿರುಗೋದನ್ನು ಮಾತ್ರ. ಎಲ್ಲಿ ಅನ್ನೋದು ಪಕ್ಕದ ಪದದ ಕೆಲಸ. ಗುಡಿಗೆ ನಡುವೆ ದೇವರಿದ್ದಾನೆ, ಹಾಗಾಗಿ ಅವನ ಸುತ್ತ ನಡೆಯುತ್ತೇವೆ. ಪೇಟೆಗೆ ಹಾಗೆ ನಡು ಅಂತ ಏನಿದೆ? ಮದುವೆ ಜವಳಿಗೆ ಹೊರಟವರು ಚಿಕ್ಕಪೇಟೆಯಿಂದ ಅವೆನ್ಯೂ ರಸ್ತೆಗೆ ಬಂದು, ಮತ್ತೆ ಚಿಕ್ಕಪೇಟೆಗೇ ಹೋಗುತ್ತಾರೆ. ಅದೂ ಸುತ್ತೋದೇ.

ಊರೊಳಗೆ ಕಾಲಿಡದೆ ಹೋದರೆ ‘ಬಳಸು’ ಅನ್ನಿ. ತುಮಕೂರು ಕಡೆಯಿಂದ ಬಂದು ನೈಸ್ ರಸ್ತೆ ಹಿಡಿದು ಹೊಸೂರು ರಸ್ತೆ ಸೇರಿದರೆ ಬೆಂಗಳೂರನ್ನು ಬಳಸಿ ಹೋದಂತೆ. ‘ಉಪಯೋಗಿಸು’ ಅನ್ನೋ ಅರ್ಥವೇ ಈಗ ಜಾಸ್ತಿ ಕೇಳಿಸುತ್ತದೆ, ನಿಜ. ಆದರೆ ಸುತ್ತಿ ಬಳಸಿ ಮಾತಾಡುವವರು ಇರುವ ತನಕ ಹಳೆಯ ಅರ್ಥಕ್ಕೆ ಸಾವಿಲ್ಲ.

ವಸ್ತುಗಳ ವಿಷಯಕ್ಕೆ ಬಂದರೆ ವಿಭಕ್ತಿಯದೇ ಆಟ. ಕೆ.ಆರ್. ಮಾರುಕಟ್ಟೆಯಲ್ಲಿ ‘ಮಲ್ಲಿಗೆಯನ್ನು ಬಾಳೆ ಎಲೆಯಲ್ಲಿ ಸುತ್ತಿ ಕೊಡಿ’ ಅನ್ನುತ್ತೇವೆ. ಹೂವು ಒಳಗೆ. ಮನೆಗೆ ಬಂದು ಅದನ್ನೇ ‘ತುರುಬಿಗೆ ಸುತ್ತಿಕೋ’ ಅನ್ನುತ್ತೇವೆ. ಈಗ ಹೂವು ಹೊರಗೆ! ‘ಅಲ್ಲಿ’ ಬಂದರೆ ಹೊದಿಕೆ ಯಾವುದು ಅಂತ ಗೊತ್ತಾಗುತ್ತದೆ, ‘ಗೆ’ ಬಂದರೆ ಯಾವುದರ ಮೇಲೆ ಸುತ್ತಿದ್ದು ಅಂತ.

ಸೀರೆಗೆ ಮಾತ್ರ ಹುಷಾರು. ಸೀರೆಯನ್ನು ಉಡುತ್ತಾರೆ. ‘ಸುಮ್ನೆ ಒಂದು ಸೀರೆ ಸುತ್ತಿಕೊಂಡು ಬಂದೆ’ ಅಂದರೆ ನೆರಿಗೆ ಗಿರಿಗೆ ನೋಡಿಕೊಳ್ಳಲು ಪುರುಸೊತ್ತಿರಲಿಲ್ಲ ಅಂತ. ನೀವು ಬೇರೆಯವರ ಬಗ್ಗೆ ಹಾಗಂದರೆ ಜಗಳ ಗ್ಯಾರಂಟಿ.

‘ಸುತ್ತುವರಿ’ ಮತ್ತು ‘ಮುತ್ತು’ ಕೂಡ ಒಂದೇ ಅಂತ ಕೆಲವರು ಬರೆಯುತ್ತಾರೆ. ನಾನು ಒಪ್ಪೋದಿಲ್ಲ. ಬೆಟ್ಟಗಳು ಊರನ್ನು ಸುತ್ತುವರಿದಿರುತ್ತವೆ, ಅವಕ್ಕೆ ಊರಿಂದ ಏನೂ ಬೇಕಿಲ್ಲ. ಮುತ್ತುವವರಿಗೆ ಏನೋ ಬೇಕು. ಬೆಲ್ಲಕ್ಕೆ ಇರುವೆ ಮುತ್ತುತ್ತದೆ. 1791ರಲ್ಲಿ ಕಾರ್ನ್‌ವಾಲಿಸ್‌ನ ಸೇನೆ ಬೆಂಗಳೂರು ಕೋಟೆಗೆ ಹಾಕಿದ್ದು ಮುತ್ತಿಗೆ.

‘ಕೆರೆಯನ್ನು ಬಡಾವಣೆಗಳು ಸುತ್ತುವರಿದಿವೆ’ ಅನ್ನೋದು ವ್ಯಾಕರಣಕ್ಕೆ ಸರಿಯಾದ ಸಾಲು. ನಮ್ಮೂರಿನ ಕೆರೆಗಳ ಬಗ್ಗೆ ಬರೆಯುವಾಗ ಯಾರಾದರೂ ‘ಮುತ್ತಿವೆ’ ಅಂತ ಹಾಕಿದರೆ, ನಾನಂತೂ ತಿದ್ದೋದಿಲ್ಲ.