ಅರ್ಧ ಸುತ್ತು ಎಂಬುದಿಲ್ಲ

ಆಕಾರಗಳ ಗಣಿತವಾದ ಟೊಪಾಲಜಿಯಲ್ಲಿ ಪ್ರಮೇಯಗಳನ್ನು ಸಾಧಿಸುವವರು ವಿದ್ಯುತ್ ಗ್ರಿಡ್, ಸಾಗರದ ಅಲೆ, ನೆಲದಾಳದ ಬಂಡೆಗಳ ಬಗ್ಗೆ ಮಾತಾಡತೊಡಗಿದರೆ ಹಲವರಿಗೆ ಅಚ್ಚರಿಯಾಗುತ್ತದೆ. ಶುದ್ಧ ಗಣಿತ ಒಂದು ಕಡೆ, ಆನ್ವಯಿಕ ಗಣಿತ ಇನ್ನೊಂದು ಕಡೆ ಎಂದು ನಾವೇ ಗೋಡೆ ಎಬ್ಬಿಸಿಕೊಂಡಿದ್ದೇವೆ. ಈ ವಿಷಯ ಹುಟ್ಟಿ ಬೆಳೆದ ಕಾಲದಲ್ಲಿ ಆ ಗೋಡೆ ಇರಲಿಲ್ಲ. ವಿದ್ಯುತ್ ಮಂಡಲಗಳ ಸಮೀಕರಣಗಳನ್ನು ಬಿಡಿಸಲು ಹೊರಟ ಜರ್ಮನ್ ಭೌತವಿಜ್ಞಾನಿ ಕಿರ್ಖಾಫ್, 1847ರಲ್ಲಿ, ಒಂದು ಜಾಲದಲ್ಲಿ ಪರಸ್ಪರ ಸ್ವತಂತ್ರವಾದ ಸುತ್ತುಗಳು ಎಷ್ಟಿವೆ ಎಂದು ಎಣಿಸಿದರು. ತಂತಿಗಳ ಸಂಖ್ಯೆಯಿಂದ ಸಂಧಿಗಳ ಸಂಖ್ಯೆಯನ್ನು ಕಳೆದು ಒಂದು ಕೂಡಿಸಿದರೆ ಉತ್ತರ ಸಿಗುತ್ತದೆ. ಫ್ರೆಂಚ್ ಗಣಿತಜ್ಞ ಪ್ವಾಂಕರೆ 1895ರಲ್ಲಿ ಆಧುನಿಕ ಟೊಪಾಲಜಿಗೆ ತಳಪಾಯ ಹಾಕಿದರು. ಅಲ್ಲಿ ಬರುವ, ಸ್ವತಂತ್ರ ಸುತ್ತುಗಳನ್ನು ಎಣಿಸುವ ಮೊದಲ ಬೆಟ್ಟಿ ಸಂಖ್ಯೆಯನ್ನು ತಂತಿಗಳ ಜಾಲಕ್ಕೆ ಹಚ್ಚಿ ನೋಡಿದರೆ ಕಿರ್ಖಾಫರ ಎಣಿಕೆಯೇ ಮರಳಿ ಬರುತ್ತದೆ.

ಹರಿಯದೆ, ಅಂಟಿಸದೆ ಎಷ್ಟೇ ಎಳೆದು ಬಾಗಿಸಿದರೂ ಬದಲಾಗದೆ ಉಳಿಯುವ ಗುಣಗಳನ್ನು ಟೊಪಾಲಜಿ ಅಧ್ಯಯನ ಮಾಡುತ್ತದೆ. ಆ ಗುಣಗಳು ಬಹುಪಾಲು ಪೂರ್ಣಾಂಕಗಳಾಗಿ ಸಿಗುತ್ತವೆ. ಕಂಬಕ್ಕೆ ಸುತ್ತಿ ತುದಿಗಳನ್ನು ಗಂಟು ಹಾಕಿದ ಹಗ್ಗ ಒಂದು ಸುತ್ತು ಸುತ್ತಿರಬಹುದು, ಎರಡು ಸುತ್ತಿರಬಹುದು. ಒಂದೂಕಾಲು ಸುತ್ತು ಸಾಧ್ಯವಿಲ್ಲ. ಪೂರ್ಣಾಂಕ ಸ್ವಲ್ಪವೇ ಸ್ವಲ್ಪ ಬದಲಾಗಲಾರದು. ಶಕ್ತಿ ಮತ್ತು ಪರಿಸರದ ಪ್ರಶ್ನೆಗಳಲ್ಲಿ ಅಳತೆಗಳು ಸದಾ ಅಲುಗಾಡುತ್ತಿರುತ್ತವೆ: ಗಾಳಿಯ ವೇಗ ನಿಲ್ಲುವುದಿಲ್ಲ, ಬೇಡಿಕೆ ನಿಲ್ಲುವುದಿಲ್ಲ, ಸೆನ್ಸರ್‌ನಲ್ಲಿ ದೋಷ ಇದ್ದೇ ಇರುತ್ತದೆ. ಇಂಥ ಕಡೆ ಅಲುಗಾಡದ ಸಂಖ್ಯೆಗೆ ಬಹಳ ಬೆಲೆಯಿದೆ ಎಂಬುದು ನನ್ನ ದೃಢವಾದ ನಂಬಿಕೆ.

ಗ್ರಿಡ್ಡನ್ನು ಹತ್ತಿರದಿಂದ ನೋಡೋಣ. ಎಸಿ ಜಾಲದಲ್ಲಿ ವೋಲ್ಟೇಜು ಅಲೆಯಂತೆ ಏರಿಳಿಯುತ್ತದೆ; ಆ ಏರಿಳಿತದ ಯಾವ ಹಂತದಲ್ಲಿದೆ ಎಂದು ಹೇಳುವ ಒಂದು ಫೇಸ್ ಕೋನ ಪ್ರತಿ ಸಬ್‌ಸ್ಟೇಷನ್ನಿನ ವೋಲ್ಟೇಜಿಗೂ ಇರುತ್ತದೆ. ಲೈನಿನ ನಷ್ಟವನ್ನು ಸದ್ಯಕ್ಕೆ ಬಿಟ್ಟರೆ, ಎರಡು ಸಬ್‌ಸ್ಟೇಷನ್‌ಗಳ ನಡುವೆ ಹರಿಯುವ ವಿದ್ಯುತ್ತು ಆ ಎರಡು ಕೋನಗಳ ವ್ಯತ್ಯಾಸದ ಸೈನ್‌ಗೆ ಅನುಪಾತದಲ್ಲಿರುತ್ತದೆ. ಐದು ಸಬ್‌ಸ್ಟೇಷನ್‌ಗಳನ್ನು ಒಂದೇ ಬಗೆಯ ಐದು ಲೈನ್‌ಗಳಿಂದ ಉಂಗುರದಂತೆ ಜೋಡಿಸಿದ್ದೇವೆ, ಎಲ್ಲೂ ಉತ್ಪಾದನೆಯಿಲ್ಲ, ಎಲ್ಲೂ ಬಳಕೆಯಿಲ್ಲ ಎಂದಿಟ್ಟುಕೊಳ್ಳಿ. ಎಲ್ಲ ಕೋನಗಳೂ ಒಂದೇ ಆಗಿದ್ದು ಏನೂ ಹರಿಯದಿರುವುದು ಒಂದು ಸಮಸ್ಥಿತಿ. ಆದರೆ ಇನ್ನೊಂದೂ ಇದೆ. ಒಂದರಿಂದ ಮುಂದಿನದಕ್ಕೆ ಕೋನ 72 ಡಿಗ್ರಿ ಏರುತ್ತ ಹೋದರೆ ಐದನೆಯ ಹೆಜ್ಜೆಗೆ 360 ಡಿಗ್ರಿ ಮುಗಿದು ಹೊರಟಲ್ಲಿಗೇ ಬಂದು ನಿಲ್ಲುತ್ತೇವೆ. ಪ್ರತಿ ಸಬ್‌ಸ್ಟೇಷನ್ನಿಗೆ ಬಂದಷ್ಟೇ ಹೊರಗೆ ಹೋಗುತ್ತದೆ, ಲೆಕ್ಕ ಸರಿಹೋಗುತ್ತದೆ. 72ರ ಸೈನ್ 0.951. ಅಂದರೆ ಯಾರಿಗೂ ಬೇಕಿಲ್ಲದ ವಿದ್ಯುತ್ತು ಲೈನಿನ ಗರಿಷ್ಠ ಮಿತಿಯ ಶೇ 95ರಷ್ಟನ್ನು ಹಿಡಿದುಕೊಂಡು ಉಂಗುರದಲ್ಲಿ ಸುಮ್ಮನೆ ಸುತ್ತುತ್ತಿದೆ. ವ್ಯತ್ಯಾಸ 90 ಡಿಗ್ರಿಗಿಂತ ಕಡಿಮೆ ಇರುವುದರಿಂದ ಈ ಸ್ಥಿತಿ ಸ್ಥಿರವೂ ಹೌದು, ಸಣ್ಣ ತಟ್ಟಿಗೆ ಕದಲುವುದಿಲ್ಲ. ಮೂರು ಸಬ್‌ಸ್ಟೇಷನ್‌ಗಳ ಉಂಗುರದಲ್ಲಿ ಹೀಗಾಗದು; ಅಲ್ಲಿ ವ್ಯತ್ಯಾಸ 120 ಡಿಗ್ರಿ, ಆ ಸ್ಥಿತಿ ನಿಲ್ಲುವುದಿಲ್ಲ.

ನಿಜವಾದ ಆತಂಕ ದೊಡ್ಡ ಉಂಗುರಗಳದ್ದು. ಇಂಥದೇ 36 ಸಬ್‌ಸ್ಟೇಷನ್‌ಗಳಿದ್ದರೆ ಒಂದೊಂದು ಲೈನಿನ ವ್ಯತ್ಯಾಸ ಬರೀ 10 ಡಿಗ್ರಿ, ಹರಿವು ಮಿತಿಯ ಶೇ 17ರಷ್ಟು. ಯಾವ ಲೈನನ್ನು ಪ್ರತ್ಯೇಕವಾಗಿ ನೋಡಿದರೂ ಎಲ್ಲ ನೆಟ್ಟಗಿದೆ ಅನ್ನಿಸುತ್ತದೆ. ನಿಜವಾದ ಲೈನಿನಲ್ಲಿ ರೋಧ ಇರುವುದರಿಂದ ಈ ವ್ಯರ್ಥ ಸುತ್ತಾಟ ಶಾಖವಾಗಿ ಸೋರಿಹೋಗುತ್ತಿರುತ್ತದೆ. ದೋಷ ಯಾವುದೇ ಒಂದು ಜಾಗದಲ್ಲಿಲ್ಲ, ಇಡೀ ಸುತ್ತಿನಲ್ಲಿದೆ. ಅದನ್ನು ಹಿಡಿಯಲು ಉಂಗುರವನ್ನು ಪೂರ್ತಿ ಸುತ್ತಿ, ವ್ಯತ್ಯಾಸಗಳನ್ನು ಕೂಡಿ, 360ರಿಂದ ಭಾಗಿಸಬೇಕು. ಆ ಭಾಗಲಬ್ಧ ಸೊನ್ನೆಯಲ್ಲದಿದ್ದರೆ ಅದನ್ನು ಮೆಲ್ಲಗೆ ಸೊನ್ನೆಗೆ ಇಳಿಸುವ ಉಪಾಯವೇ ಇಲ್ಲ. ಎಲ್ಲಾದರೂ ಒಂದು ಲೈನಿನ ವ್ಯತ್ಯಾಸ 180 ಡಿಗ್ರಿ ದಾಟಬೇಕು, ಇಲ್ಲವೇ ಉಂಗುರವನ್ನು ಒಂದೆಡೆ ತೆರೆಯಬೇಕು. ತೆರೆದ ಲೈನನ್ನು ತಪ್ಪು ಗಳಿಗೆಯಲ್ಲಿ ಮತ್ತೆ ಜೋಡಿಸಿದರೆ ಇಂಥ ಸುತ್ತು ಒಳಸೇರಲೂಬಹುದು.

ಉತ್ತರ ಅಮೆರಿಕದ ಈರಿ ಸರೋವರದ ಸುತ್ತ, ಒಪ್ಪಂದಗಳಲ್ಲಿಲ್ಲದ ವಿದ್ಯುತ್ತು ಹರಿದು ಗ್ರಿಡ್ ನಿರ್ವಾಹಕರನ್ನು ಕಾಡಿದ್ದು ಸರ್ವವಿದಿತ. ಹೀಗೆ ಸುತ್ತಿ ಹರಿಯುವ ಎಲ್ಲ ಲೂಪ್ ಫ್ಲೋಗಳಿಗೂ ಈ ಪೂರ್ಣಾಂಕವೇ ಕಾರಣವೆಂದು ಹೇಳಿದರೆ ತಪ್ಪಾಗುತ್ತದೆ. ವಿದ್ಯುತ್ತು ಒಪ್ಪಂದದ ದಾರಿಯನ್ನು ಬಿಟ್ಟು ಕಿರ್ಖಾಫರ ನಿಯಮದ ದಾರಿಯಲ್ಲಿ ಹೋಗುವುದರಿಂದಲೂ ಅವು ಹುಟ್ಟುತ್ತವೆ. ಎರಡನ್ನೂ ಬೇರ್ಪಡಿಸಿ ನೋಡಲು ಸಂಖ್ಯೆ ಬೇಕು. ಜಿಪಿಎಸ್ ಗಡಿಯಾರದೊಂದಿಗೆ ಕೋನಗಳನ್ನು ಏಕಕಾಲದಲ್ಲಿ ಅಳೆಯುವ ಪಿಎಂಯು ಉಪಕರಣಗಳು ಇರುವ ಕಡೆ ಈ ಲೆಕ್ಕ ಬರೀ ಕೂಡುವ ಕೆಲಸ. ನಿಯಂತ್ರಣ ಕೊಠಡಿಯ ಪರದೆಯ ಮೇಲೆ ಅದಕ್ಕೊಂದು ಮೂಲೆ ಸಿಗಬೇಕು.

ಪರಮಾಣು ಬೀಜಗಳನ್ನು ಬೆಸೆದು ಶಕ್ತಿ ಪಡೆಯಲು, ಪ್ಲಾಸ್ಮಾವನ್ನು (ವಿದ್ಯುದಾವೇಶವುಳ್ಳ ಅತಿ ಬಿಸಿ ಅನಿಲವನ್ನು) ಕಾಂತಕ್ಷೇತ್ರದಲ್ಲಿ ಹಿಡಿದಿಡುವ ಹಲವು ಸಮ್ಮಿಳನ ಯಂತ್ರಗಳು ಬಳೆಯಾಕಾರದಲ್ಲಿರುವುದರ ಹಿಂದೆಯೂ ಒಂದು ಪ್ರಮೇಯವಿದೆ. ಗೋಲದ ಮೇಲ್ಮೈಗೆ ಒರಗಿಕೊಂಡೇ ಸಾಗುವ ಕಾಂತಕ್ಷೇತ್ರ ಎಲ್ಲಾದರೂ ಒಂದು ಬಿಂದುವಿನಲ್ಲಿ ಸೊನ್ನೆಯಾಗಲೇಬೇಕು; ಅಲ್ಲಿ ಪ್ಲಾಸ್ಮಾವನ್ನು ಹಿಡಿದಿಡುವ ಕ್ಷೇತ್ರ ಇರುವುದಿಲ್ಲ. ಪ್ಲಾಸ್ಮಾವನ್ನು ಸುತ್ತುವರಿಯುವ ಮೇಲ್ಮೈಗಳ ಪೈಕಿ ಟೋರಸ್‌ಗೆ, ಅಂದರೆ ಬಳೆಯ ಮೇಲ್ಮೈಗೆ, ಮಾತ್ರ ಆ ಕಟ್ಟು ಇಲ್ಲ. ಇಂಥ ಯಂತ್ರಗಳ ಎರಡು ಬಗೆಗಳಾದ ಟೋಕಮಾಕ್ ಆಗಲಿ ಸ್ಟೆಲ್ಲರೇಟರ್ ಆಗಲಿ, ಈ ನಿರ್ಬಂಧವನ್ನು ಮೀರಿಲ್ಲ.

ಹವಾಮಾನದಲ್ಲೂ ಅಂಥದೊಂದು ಪೂರ್ಣಾಂಕ ಅಡಗಿತ್ತು. ಪೆಸಿಫಿಕ್ ಸಾಗರವನ್ನು ಸಮಭಾಜಕದ ಗುಂಟ ಕೆಲವೇ ತಿಂಗಳಲ್ಲಿ ದಾಟಿ ಎಲ್ ನಿನೋವನ್ನು ಬೆಳೆಸುವ ಕೆಲ್ವಿನ್ ಅಲೆ ಪೂರ್ವಕ್ಕೇ ಸಾಗುತ್ತದೆ, ಪಶ್ಚಿಮಕ್ಕೆ ತಿರುಗುವುದಿಲ್ಲ. ಜಪಾನಿನ ಹವಾಮಾನ ವಿಜ್ಞಾನಿ ಮತ್ಸುನೊ 1966ರಲ್ಲೇ ಸಮಭಾಜಕದ ಅಲೆಗಳ ಸಮೀಕರಣ ಬಿಡಿಸಿದ್ದರು. ಕೆಲ್ವಿನ್ ಅಲೆಯ ಈ ಹಟಕ್ಕೆ ಟೊಪಾಲಜಿಯ ಕಾರಣವಿದೆ ಎಂದು ಡೆಲ್‌ಪ್ಲಾಸ್, ಮಾರ್ಸ್ಟನ್, ವೆನೈಲ್ ತೋರಿಸಿದ್ದು 2017ರಲ್ಲಿ. ಭೂಮಿಯ ತಿರುಗುವಿಕೆಯಿಂದ ಹುಟ್ಟುವ ಕೊರಿಯೊಲಿಸ್ ಬಲದ ಚಿಹ್ನೆ ಸಮಭಾಜಕದಲ್ಲಿ ಬದಲಾಗುತ್ತದೆ. ಅಲೆಗಳ ಗುಂಪು ಎಷ್ಟು ಸಲ ತಿರುಚಿಕೊಂಡಿದೆ ಎಂದು ಎಣಿಸುವ ಪೂರ್ಣಾಂಕಕ್ಕೆ ಚರ್ನ್ ಸಂಖ್ಯೆ ಎಂದು ಹೆಸರು; ಉತ್ತರಾರ್ಧ ಮತ್ತು ದಕ್ಷಿಣಾರ್ಧದ ಚರ್ನ್ ಸಂಖ್ಯೆಗಳ ವ್ಯತ್ಯಾಸ 2. ಹಾಗಾಗಿ ಶಕ್ತಿಯನ್ನು ಪೂರ್ವಕ್ಕೊಯ್ಯುವ ಎರಡು ಅಲೆಗಳು ಇರಲೇಬೇಕು, ಒಂದು ಕೆಲ್ವಿನ್, ಇನ್ನೊಂದು ಯನಾಯ್. 2016ರ ಭೌತವಿಜ್ಞಾನ ನೊಬೆಲ್ ಪಡೆದ ಥೌಲೆಸ್ ಮತ್ತು ಹಾಲ್ಡೇನ್ ಅವರ ಎಲೆಕ್ಟ್ರಾನ್ ಸಿದ್ಧಾಂತದಲ್ಲಿ ಬರುವ ಗಣಿತವೇ ಇದು.

ನನಗೆ ಅತಿ ಹೆಚ್ಚು ಕೆಲಸ ಬಾಕಿಯಿದೆ ಅನ್ನಿಸುವುದು ಬಂಡೆಗಳಲ್ಲಿ. ಇಂಗಾಲದ ಡೈಆಕ್ಸೈಡನ್ನು ನೆಲದಾಳದ ಉಪ್ಪುನೀರಿನ ಮರಳುಗಲ್ಲಿಗೆ ತುಂಬುವ ಕೆಲಸ ಉತ್ತರ ಸಮುದ್ರದಲ್ಲಿರುವ ನಾರ್ವೆಯ ಅನಿಲಕ್ಷೇತ್ರ ಸ್ಲೈಪ್ನರ್‌ನಲ್ಲಿ 1996ರಿಂದ ನಡೆದಿದೆ. ಒಳಗೆ ಹೋದ ಅನಿಲ ಎಲ್ಲಿಗೆ ಹರಿದೀತು ಎಂಬುದನ್ನು ಸರಂಧ್ರತೆಯೊಂದೇ, ಅಂದರೆ ಬಂಡೆಯಲ್ಲಿ ರಂಧ್ರಗಳ ಪಾಲು ಎಷ್ಟೆಂಬುದೊಂದೇ, ಹೇಳಲಾರದು. ಶೇ 20ರಷ್ಟು ರಂಧ್ರಗಳಿರುವ ಎರಡು ಬಂಡೆಗಳಲ್ಲಿ ಒಂದು ಸರಾಗವಾಗಿ ಹರಿಯಗೊಟ್ಟು, ಇನ್ನೊಂದು ಏನನ್ನೂ ಬಿಡದಿರಬಹುದು. ರಂಧ್ರಗಳ ಬಿಡಿ ಗುಂಪುಗಳ ಸಂಖ್ಯೆಯಿಂದ ಸುರಂಗಗಳ ಸಂಖ್ಯೆ ಕಳೆದು, ಸುತ್ತಲೂ ರಂಧ್ರವೇ ಆವರಿಸಿರುವ ಕಲ್ಲಿನ ತುಣುಕುಗಳ ಸಂಖ್ಯೆಯನ್ನು ಕೂಡಿಸಿದರೆ ಬರುವ ಆಯ್ಲರ್ ಸಂಖ್ಯೆ ಈ ಭೇದವನ್ನು ಕಾಣಿಸುತ್ತದೆ. ನೀರು ಮರಳಿ ನುಗ್ಗಿ ಅನಿಲವನ್ನು ಬಿಡಿ ಗುಳ್ಳೆಗಳಾಗಿ ಕಡಿದು ಸೆರೆಹಿಡಿಯುವ ಗಳಿಗೆಯೂ ಇದೇ ಸಂಖ್ಯೆಯ ಜಿಗಿತದಲ್ಲಿ ಕಾಣುತ್ತದೆ.

ತೊಡಕಿರುವುದು ಎಕ್ಸ್-ರೇಯಿಂದ ಬಂಡೆಯ ಒಳಗನ್ನು ಸೂಕ್ಷ್ಮವಾಗಿ ಸೆರೆಹಿಡಿಯುವ ಮೈಕ್ರೋ ಸಿಟಿ ಚಿತ್ರದಲ್ಲಿ. ಯಾವ ಬೂದುಛಾಯೆಯವರೆಗೆ ಕಲ್ಲು, ಎಲ್ಲಿಂದ ರಂಧ್ರ ಎಂಬ ಗೆರೆಯನ್ನು ತುಸು ಸರಿಸಿದರೂ ನೂರಾರು ಪುಟ್ಟ ಸುರಂಗಗಳು ಹುಟ್ಟಿ ಸಾಯುತ್ತವೆ. ಪರ್ಸಿಸ್ಟೆಂಟ್ ಹೋಮಾಲಜಿ ಆ ಗೆರೆಯನ್ನು ಒಂದು ಕಡೆ ನಿಲ್ಲಿಸುವುದೇ ಇಲ್ಲ. ಎಲ್ಲ ಮಟ್ಟಗಳಲ್ಲೂ ಸರಿಸಿ, ಯಾವ ಸುರಂಗ ಎಷ್ಟು ಕಾಲ ಬಾಳಿತು ಎಂದು ಬರೆದಿಡುತ್ತದೆ. ಚಿತ್ರದಲ್ಲಿ ಸಣ್ಣ ದೋಷವಿದ್ದರೆ ಆ ಪಟ್ಟಿಯಲ್ಲೂ ಸಣ್ಣ ಬದಲಾವಣೆಯಷ್ಟೇ ಆಗುತ್ತದೆಂದು 2007ರಲ್ಲಿ ಕೋಹೆನ್-ಸ್ಟೈನರ್, ಎಡೆಲ್ಸ್‌ಬ್ರುನರ್, ಹರರ್ ಪ್ರಕಟಿಸಿದ ಪ್ರಮೇಯ ಖಾತರಿ ಕೊಡುತ್ತದೆ. ಬಂಡೆಯ ಗೋಡೆಯಿಂದ ಇರುವ ದೂರವನ್ನೇ ಅಳತೆಗೋಲಾಗಿ ಹಿಡಿದರೆ ರಂಧ್ರದಿಂದ ರಂಧ್ರಕ್ಕೆ ದಾಟುವ ಗಂಟಲುಗಳ ಅಗಲವೂ ಅದರಲ್ಲೇ ಸಿಗುತ್ತದೆ. ಸುರಂಗಗಳ ಎಣಿಕೆಯೊಂದರಿಂದ ಹರಿವಿನ ವೇಗ ತಿಳಿಯದು, ಆದ್ದರಿಂದ ಈ ಅಗಲ ಬೇಕೇ ಬೇಕು. ಬಂಡೆಯ ವರದಿಗಳಲ್ಲಿ ಸರಂಧ್ರತೆಯ ಪಕ್ಕದಲ್ಲೇ ಇವೂ ಬರಬೇಕು, ಜೊತೆಗೆ ಚಿತ್ರದ ರೆಸಲ್ಯೂಷನ್ ಎಷ್ಟೆಂಬುದೂ ಇರಬೇಕು. ಚಿತ್ರದ ಒಂದು ಬಿಂದುವಿಗಿಂತ ಕಿರಿದಾದ ಗಂಟಲು ಬಂಡೆಯಲ್ಲಿ ತೆರೆದೇ ಇದ್ದರೂ ಲೆಕ್ಕದಲ್ಲಿ ಮುಚ್ಚಿಹೋಗಿರುತ್ತದೆ.