ಕಾರವಾರದ ಟಾಗೋರ್ ಬೀಚ್: ಊರಿಗೆ ಉಳಿದ ಮರಳಿನ ಕಥೆ

ಬಂದರು ವಿಸ್ತರಣೆಗೆಂದು ಸಮುದ್ರಕ್ಕೆ ಅಲೆ ತಡೆಗೋಡೆ ಕಟ್ಟಲು ಹೊರಟಾಗಿನಿಂದ ಕಾರವಾರದ ಟಾಗೋರ್ ಬೀಚ್ ವಿಷಯ ಬಹಳ ಗೋಜಲಾಗಿದೆ. ಬೀಚ್ ಉಳಿಸಿ ಅನ್ನುವವರು ಮೀನುಗಾರಿಕೆಯ ಮಾತು ತೆಗೆಯುತ್ತಾರೆ. ಮೀನುಗಾರಿಕೆ ಅಂದ ಕೂಡಲೇ ಬಂದರು ಬರುತ್ತದೆ. ಬಂದರು ಅಂದರೆ ಸಾಗರಮಾಲಾ ಎಂಬ ಕೇಂದ್ರದ ಬಂದರು ಯೋಜನೆ, ಅದರ ಹಿಂದೆ ಸೀಬರ್ಡ್ ನೌಕಾನೆಲೆ, ಪಕ್ಕದಲ್ಲೇ ನಾಲ್ಕು ಪಥದ ಹೆದ್ದಾರಿ. ಹೊರಗಿನವರಿಗೆ ಇವೆಲ್ಲ ಬೇರೆ ಬೇರೆ ತಕರಾರು ಅನಿಸಬಹುದು. ಇಲ್ಲಿನವರಿಗೆ ಹಾಗಲ್ಲ. ಎಲ್ಲವೂ ಬಂದು ನಿಲ್ಲುವುದು ಅದೇ ಮರಳಿನ ಮೇಲೆ.

ಮೊದಲು ಜಾಗ ಎಲ್ಲಿದೆ ನೋಡೋಣ. ಉತ್ತರಕ್ಕೆ ಕಾಳಿ ನದಿ ಸಮುದ್ರ ಸೇರುವ ಕೋಡಿಬಾಗ. ದಕ್ಷಿಣಕ್ಕೆ ಬೈತಖೋಲದ ಗುಡ್ಡ, ಅದರ ಮಗ್ಗುಲಲ್ಲಿ ಬಂದರು. ನಡುವೆ ಬಿಲ್ಲಿನ ಹಾಗೆ ಬಾಗಿದ ಮರಳಿನ ಪಟ್ಟಿ. ಹಿಂದೆ ಊರು, ಊರಿನ ಹಿಂದೆ ಮತ್ತೆ ಗುಡ್ಡ. ಮಾಲಾದೇವಿ ಮೈದಾನ ಬಿಟ್ಟರೆ ಊರಿನ ಜನ ಒಟ್ಟಿಗೆ ಸೇರಲು ದೊಡ್ಡ ಬಯಲು ಅಂತ ಇರುವುದು ಇದೇ. ಬೇರೆ ಊರಿನವರು ಸಂಜೆ ಪಾರ್ಕಿಗೆ ಹೋದ ಹಾಗೆ ಕಾರವಾರದವರು ಇಲ್ಲಿಗೆ ಬರುತ್ತಾರೆ.

ಕಥೆ 1862ಕ್ಕೆ ಹೋಗುತ್ತದೆ. ಆ ವರ್ಷ ಬ್ರಿಟಿಷರು ಉತ್ತರ ಕನ್ನಡವನ್ನು ಮದರಾಸಿನಿಂದ ಬಿಡಿಸಿ ಮುಂಬೈ ಪ್ರಾಂತ್ಯಕ್ಕೆ ಸೇರಿಸಿದರು. ಅಮೆರಿಕದಲ್ಲಿ ಅಂತರ್ಯುದ್ಧ ನಡೆದಿತ್ತು. ಅಲ್ಲಿಂದ ಇಂಗ್ಲೆಂಡಿಗೆ ಹೋಗುವ ಹತ್ತಿ ನಿಂತಿತ್ತು. ಧಾರವಾಡದ ಹತ್ತಿ ಸಾಗಿಸಲು ಒಂದು ಬಂದರು ಬೇಕಿತ್ತು. 1864ರಲ್ಲಿ ಎದುರಿನ ದೇವಗಡ ದ್ವೀಪದ ಮೇಲೆ ದೀಪಸ್ತಂಭ ಎದ್ದಿತು. ಹುಬ್ಬಳ್ಳಿಯಿಂದ ಇಲ್ಲಿಗೆ ರೈಲು ಬರುತ್ತದೆ ಎಂದರು. ಆದರೆ 1880ರ ದಶಕದಲ್ಲಿ ರೈಲು ಗೋವಾದ ಮಾರ್ಮಗೋವಾಕ್ಕೆ ಹೋಯಿತು. ಹುಬ್ಬಳ್ಳಿ–ಅಂಕೋಲಾ ರೈಲಿನ ಮಾತು ಇವತ್ತಿಗೂ ಮುಗಿದಿಲ್ಲ. ದೊಡ್ಡ ಬಂದರಿನ ಆಸೆ ಈ ಊರಿಗೆ ಹುಟ್ಟಿನಿಂದಲೇ ಅಂಟಿಕೊಂಡಿದೆ. ನೂರು ವರ್ಷ ಅದು ಆಸೆಯಾಗಿಯೇ ಇದ್ದಿದ್ದರಿಂದ ಬೀಚ್ ಉಳಿಯಿತು ಎಂದರೂ ತಪ್ಪಿಲ್ಲ.

ಆ ನಡುವೆಯೇ, 1883ರಲ್ಲಿ ರವೀಂದ್ರನಾಥ ಟಾಗೋರರು ಬಂದರು. ಅವರ ಅಣ್ಣ ಸತ್ಯೇಂದ್ರನಾಥರು ಆಗ ಇಲ್ಲಿ ಜಿಲ್ಲಾ ನ್ಯಾಯಾಧೀಶರು. ರವೀಂದ್ರರಿಗೆ 22 ವರ್ಷ. ಒಂದು ನಾಟಕವನ್ನು ಇಲ್ಲೇ ಬರೆದರು. ಒಂದು ಬೆಳದಿಂಗಳ ರಾತ್ರಿ ಕಾಳಿ ನದಿಯಲ್ಲಿ ದೋಣಿಯಲ್ಲಿ ಹೋಗಿ ಗುಡ್ಡದ ಮೇಲಿನ ಹಳೇ ಕೋಟೆ ನೋಡಿ, ಬರುವಾಗ ಅಳಿವೆಯ ಹತ್ತಿರ ಇಳಿದು ಮರಳಿನ ಮೇಲೆ ನಡೆದೇ ಮನೆಗೆ ಬಂದಿದ್ದನ್ನು ಅವರು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ದಂಡೆಯ ಗಾಳಿಮರಗಳ ಬಗ್ಗೆಯೂ ಬರೆದಿದ್ದಾರೆ. ಅಳಿವೆಯಿಂದ ಮನೆಯ ತನಕ ಮರಳಿನಲ್ಲೇ ನಡೆದು ಬರಲು ಆಗ ಅಡ್ಡಿ ಏನೂ ಇರಲಿಲ್ಲ.

ದೊಡ್ಡ ಬದಲಾವಣೆ ಶುರುವಾಗಿದ್ದು 1986ರ ಅಕ್ಟೋಬರಿನಲ್ಲಿ. ಪ್ರಧಾನಿ ರಾಜೀವ್ ಗಾಂಧಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಹಾಕಿದರು. ಸುಮಾರು 11 ಸಾವಿರ ಎಕರೆ ಜಾಗ ಹೋಯಿತು. ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಎದ್ದು ಹೋದವು. ತೋಡೂರು, ಮುದಗಾ ಎಂದು ಬೇರೆ ಬೇರೆ ಕಡೆ ಹಂಚಿಹೋದರು. 2005ರ ಮೇ ತಿಂಗಳಲ್ಲಿ ಆ ನೆಲೆ ಐಎನ್‌ಎಸ್ ಕದಂಬ ಎಂಬ ಹೆಸರಿನಲ್ಲಿ ಕೆಲಸ ಶುರು ಮಾಡಿತು. ದೇಶಕ್ಕೆ ನೌಕಾನೆಲೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಿಣಗಾ, ಅರಗಾ ಕಡೆ ತಲೆತಲಾಂತರದಿಂದ ಬಲೆ ಬೀಸಿದವರಿಗೆ ಅಲ್ಲಿನ ಕಡಲು ಮುಚ್ಚಿತು. ಪರಿಹಾರದ ಲೆಕ್ಕ ದಶಕಗಟ್ಟಲೆ ಕೋರ್ಟಿನಲ್ಲಿ ಎಳೆಯಿತು. ಬೈತಖೋಲದ ದಕ್ಷಿಣಕ್ಕೆ ಹೋಗುವ ದಾರಿ ಹೀಗೆ ಕಿರಿದಾದ ಮೇಲೆ ಉತ್ತರದ ಈ ಪಟ್ಟಿಯ ಬೆಲೆ ಊರಿಗೆ ತಾನಾಗಿಯೇ ಜಾಸ್ತಿಯಾಯಿತು.

ಆಮೇಲೆ ಅದಿರಿನ ಕಾಲ. ಬಳ್ಳಾರಿ ಕಡೆಯ ಲಾರಿಗಳು, ಕೆಂಪು ಧೂಳು. 2010ರಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿತು. ಧೂಳು ಹೋಯಿತು, ಬಂದರಿನ ಆದಾಯವೂ ಹೋಯಿತು. ಬಂದರನ್ನು ಮತ್ತೆ ಎತ್ತಿ ನಿಲ್ಲಿಸಬೇಕು ಎಂಬ ಮಾತಿಗೆ ಜೋರು ಬಂದಿದ್ದು ಅಲ್ಲಿಂದ. ಅಷ್ಟರಲ್ಲಿ ಹೆದ್ದಾರಿ ಅಗಲವಾಗತೊಡಗಿತು. ಬಿಣಗಾದ ಗುಡ್ಡದಲ್ಲಿ ಸುರಂಗ, ಬೀಚಿನ ಪಕ್ಕದಲ್ಲಿ ಫ್ಲೈಓವರ್. ಈಗ ಪೇಟೆಯಿಂದ ಕಡಲಿಗೆ ಹೋಗುವವರು ಕಾಂಕ್ರೀಟ್ ಕಂಬಗಳ ಕೆಳಗೆ ನುಸುಳಿ ಹೋಗಬೇಕು. ಮೊದಲು ರಸ್ತೆಯ ತಿರುವಿನಲ್ಲೇ ನೀರು ಕಾಣುತ್ತಿತ್ತು.

ಇಷ್ಟು ಹಿನ್ನೆಲೆ ಇಲ್ಲದೆ 2020ರ ಜನವರಿ ಅರ್ಥವಾಗುವುದಿಲ್ಲ.

ಸಾಗರಮಾಲಾ ಯೋಜನೆಯಡಿ ಬಂದರಿನ ಎರಡನೇ ಹಂತದ ವಿಸ್ತರಣೆ ಎಂದಾಯಿತು. ಅದರಲ್ಲಿ ಬೀಚಿನ ಕಡೆಯಿಂದ ಸಮುದ್ರಕ್ಕೆ ಚಾಚುವ 800 ಮೀಟರಿಗೂ ಉದ್ದದ ಅಲೆ ತಡೆಗೋಡೆ ಮುಖ್ಯವಾದದ್ದು. ಜನವರಿಯಲ್ಲಿ ಪೊಲೀಸ್ ಕಾವಲಿನಲ್ಲಿ ಕಲ್ಲು ಸುರಿಯುವ ಕೆಲಸ ಶುರುವಾಯಿತು. ಮೀನುಗಾರರು ದಂಡೆಗೆ ಇಳಿದರು. ಹೆಂಗಸರು ಮುಂದೆ ನಿಂತರು. ಬಂಧನಗಳಾದವು. ಕಾರವಾರ ಬಂದ್ ಆಯಿತು, ಮೀನು ಪೇಟೆಯ ಜೊತೆ ಅಂಗಡಿಗಳೂ ಬಾಗಿಲು ಹಾಕಿದವು. ವಿಷಯ ಹೈಕೋರ್ಟಿಗೆ ಹೋಗಿ ಕೆಲಸಕ್ಕೆ ತಡೆ ಬಿತ್ತು. ಅಲ್ಲಿಂದ ಈಚೆ ಪರಿಸರ ಅನುಮತಿ, ಕರಾವಳಿ ನಿಯಂತ್ರಣ ವಲಯದ ನಿಯಮ, ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಎಂದು ಮಾತು ಕಾಗದದೊಳಗೆ ಸೇರಿಕೊಂಡಿತು. ಸಾಮಾನ್ಯ ಜನರಿಗೆ ಕೊಂಡಿ ತಪ್ಪಿದ್ದು ಇಲ್ಲೇ.

ಒಂದು ಗೋಡೆಗೆ ಯಾಕೆ ಇಷ್ಟು ಗಲಾಟೆ ಎಂದು ಬೆಂಗಳೂರಿನ ಗೆಳೆಯರು ಕೇಳುವುದುಂಟು. ಅದಕ್ಕೆ ರಂಪಣಿ ಬಲೆ ಎಳೆಯುವುದನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ದೋಣಿಯೊಂದು ದಂಡೆಯಿಂದ ಹೊರಟು ಅರ್ಧ ಸುತ್ತು ಹಾಕಿ ಬಲೆ ಬಿಡುತ್ತಾ ಹೋಗುತ್ತದೆ. ಬಲೆಯ ಎರಡೂ ತುದಿಯ ಹಗ್ಗ ಮರಳಿನ ಮೇಲೆ. ಒಂದೊಂದು ಹಗ್ಗಕ್ಕೂ ಒಂದೊಂದು ಸಾಲು ಜನ. ಹಿಂದಕ್ಕೆ ಒರಗಿ, ಹಿಮ್ಮಡಿ ಮರಳಿನಲ್ಲಿ ಊರಿ, ಒಟ್ಟಿಗೆ ಎಳೆಯುತ್ತಾರೆ. ಕೊನೆಯವನು ಹಗ್ಗ ಸುತ್ತಿಟ್ಟು ಓಡಿ ಬಂದು ಮುಂದೆ ನೀರಿನ ಹತ್ತಿರ ಸೇರಿಕೊಳ್ಳುತ್ತಾನೆ. ಎಳೆಯುತ್ತಾ ಎಳೆಯುತ್ತಾ ಎರಡೂ ಸಾಲು ಹತ್ತಿರವಾಗುತ್ತವೆ. ಬಲೆಯ ಚೀಲ ದಂಡೆಗೆ ಬರುವಾಗ ಬಾಂಗಡೆ, ತಾರಲೆ ಪಟಪಟ ಹಾರುತ್ತವೆ. ಬುಟ್ಟಿ ಹಿಡಿದ ಹೆಂಗಸರು ಆಗಲೇ ಮೊಣಕಾಲು ನೀರಿನಲ್ಲಿ ನಿಂತಿರುತ್ತಾರೆ. ಸಿಕ್ಕಿದ್ದು ಪಾಲಾಗುತ್ತದೆ. ಹಗ್ಗ ಹಿಡಿದವರಿಗೆಲ್ಲ ಅದರಲ್ಲಿ ಪಾಲಿದೆ.

ಇದಕ್ಕೆ ಬೇಕಾದದ್ದು ಎರಡು. ಕಲ್ಲಿಲ್ಲದ ಮರಳಿನ ತಳ, ಅಡೆತಡೆ ಇಲ್ಲದ ಉದ್ದನೆಯ ದಂಡೆ. ಗೋಡೆ ಬಂದ ಕಡೆ ಬಲೆ ಸುತ್ತುವುದಕ್ಕೆ ಆಗುವುದಿಲ್ಲ. ಯಂತ್ರದ ದೋಣಿ ಬೇಕಾದರೆ ಬೇರೆ ಕಡೆ ಹೋದೀತು. ರಂಪಣಿಗೆ ಆ ದಾರಿ ಇಲ್ಲ.

ಇನ್ನೊಂದು ಮರಳಿನ ವಿಷಯ. ಮಳೆಗಾಲದ ಅಲೆ ದಂಡೆಯ ಮರಳನ್ನು ಒಳಗೆ ಎಳೆದುಕೊಂಡು ಹೋಗುತ್ತದೆ. ಮಳೆ ನಿಂತ ಮೇಲೆ ಸಣ್ಣ ಅಲೆಗಳು ಅದನ್ನೇ ಸ್ವಲ್ಪ ಸ್ವಲ್ಪ ವಾಪಸ್ ತಂದು ಹಾಕುತ್ತವೆ. ಇದರ ಜೊತೆಗೆ ದಂಡೆಯ ಉದ್ದಕ್ಕೂ ಮರಳು ಜರುಗುತ್ತಲೇ ಇರುತ್ತದೆ. ಅಡ್ಡ ಗೋಡೆ ಕಟ್ಟಿದರೆ ಒಂದು ಬದಿಯಲ್ಲಿ ಮರಳು ತುಂಬುತ್ತದೆ, ಇನ್ನೊಂದು ಬದಿಯಲ್ಲಿ ಕೊರೆತ ಶುರುವಾಗುತ್ತದೆ. ಮಂಗಳೂರು ಹತ್ತಿರದ ಉಳ್ಳಾಲದವರನ್ನು ಕೇಳಿ ನೋಡಿ. ಇಲ್ಲಿ ಕಾಳಿಯ ಲೆಕ್ಕವೂ ಸೇರಬೇಕು. ಸೂಪಾ, ಕೊಡಸಳ್ಳಿ, ಕದ್ರಾ ಎಂದು ಸಾಲಾಗಿ ಅಣೆಕಟ್ಟು ಬಂದ ಮೇಲೆ ನದಿ ತರಬೇಕಾದ ಮರಳು ಮೇಲೆಯೇ ನಿಲ್ಲುತ್ತದೆ. ಕೆಳಗೆ ಬಂದಿದ್ದರಲ್ಲೂ ಒಂದಷ್ಟನ್ನು ಮನೆ ಕಟ್ಟುವುದಕ್ಕೆ ತೆಗೆಯುತ್ತಾರೆ. ಬರುವ ಮರಳು ಕಡಿಮೆಯಾದ ಬೀಚಿಗೆ ಅಡ್ಡ ಗೋಡೆ ತಾಳುತ್ತದೆಯೇ ಎಂಬುದು ಸುಮ್ಮನೆ ಭಾವನೆಯ ಪ್ರಶ್ನೆ ಅಲ್ಲ.

ಬಂದರಿನ ಪರವಾಗಿ ಮಾತಾಡುವವರಿಗೂ ನ್ಯಾಯವಾದ ಕಾರಣಗಳಿವೆ. ಓದಿದ ಹುಡುಗರು ಗೋವಾಕ್ಕೋ ಬೆಂಗಳೂರಿಗೋ ಹೋಗುತ್ತಿದ್ದಾರೆ. ಜಿಲ್ಲೆಯಲ್ಲಿ ಕೆಲಸ ಇಲ್ಲ. ಎಲ್ಲಾ ಕಾಲಕ್ಕೂ ಹಡಗು ನಿಲ್ಲಬಲ್ಲ ಬಂದರು ಇದ್ದೂ ಬಳಸದೆ ಬಿಡುವುದು ಯಾಕೆ ಎನ್ನುತ್ತಾರೆ. ಆದರೆ ಅದೇ ನೈಸರ್ಗಿಕ ಆಸರೆ ಮೀನುಗಾರರಿಗೂ ಬೇಕು. 2019ರ ಅಕ್ಟೋಬರಿನಲ್ಲಿ ಕ್ಯಾರ್ ಚಂಡಮಾರುತ ಎದ್ದಾಗ ಹೊರಗಿನ ದೋಣಿಗಳೂ ಓಡಿ ಬಂದು ಲಂಗರು ಹಾಕಿದ್ದು ಇಲ್ಲೇ. ಯೋಜನೆಯ ಲೆಕ್ಕದ ಯಾವ ಸಾಲಿನಲ್ಲಿ ಈ ಆಸರೆಗೆ ಬೆಲೆ ಕಟ್ಟಿದ್ದಾರೆ ಎಂದು ಕೇಳುವ ಹಕ್ಕು ಜನರಿಗಿದೆ ಅಲ್ವಾ?

ಬೀಚನ್ನು ಚೆಂದ ಮಾಡುವ ಕೆಲಸವೂ ಜೊತೆಜೊತೆಗೇ ನಡೆದಿದೆ. ಯುದ್ಧನೌಕೆ ಚಪಲ್‌ನ ಮ್ಯೂಸಿಯಂ ಬಂತು. ರಾಕ್ ಗಾರ್ಡನ್, ಮತ್ಸ್ಯಾಲಯ, ಉದ್ಯಾನ, ಕರಾವಳಿ ಉತ್ಸವ ನಡೆಯುವ ಮಯೂರವರ್ಮ ವೇದಿಕೆ, ಈಚೆಗೆ ನೌಕಾಪಡೆಯ ಟುಪೋಲೆವ್ ವಿಮಾನ. ಮಕ್ಕಳಿಗೆ ಇವೆಲ್ಲ ತುಂಬಾ ಖುಷಿ. ಹೊರಗಿನಿಂದ ಬರುವವರೂ ಜಾಸ್ತಿಯಾಗಿದ್ದಾರೆ. ಆದರೆ ಪ್ರತಿಯೊಂದಕ್ಕೂ ಒಂದು ಬೇಲಿ, ಒಂದು ಗೇಟು, ಒಂದು ಟಿಕೆಟ್ಟು. ಎಲ್ಲ ಒಳ್ಳೆಯ ಉದ್ದೇಶದಿಂದ ಬಂದವು. ಹಾಗಾಗಿಯೇ ಯಾರೂ ಬೇಡ ಅನ್ನಲಿಲ್ಲ. ದೇಶರಕ್ಷಣೆ, ರಸ್ತೆ, ಬಂದರು, ಪ್ರವಾಸ ಎಂದು ಒಂದೊಂದಾಗಿ ನೋಡಿದರೆ ಪ್ರತಿ ತೀರ್ಮಾನವೂ ಸರಿಯೇ ಕಾಣುತ್ತದೆ. ಒಟ್ಟಿಗೆ ಇಟ್ಟು ನೋಡಿದವರು ಮಾತ್ರ ಇಲ್ಲ.

ಇದೇ ವಿಷಯ ಈಗ ಕರಾವಳಿಯ ಉದ್ದಕ್ಕೂ ಎದ್ದಿದೆ. ಹೊನ್ನಾವರದ ಕಾಸರಕೋಡ ಟೊಂಕ, ಅಂಕೋಲಾದ ಕೇಣಿ, ಕಾರವಾರದ್ದೇ ಮಾಜಾಳಿ. ಊರು ಬೇರೆ, ಬಂದರಿನ ಗಾತ್ರ ಬೇರೆ. ದಂಡೆಯಲ್ಲಿ ಕೂತವರು ಕೇಳುವುದು ಮಾತ್ರ ಒಂದೇ: ನಮ್ಮ ದೋಣಿ ಎಲ್ಲಿ ಎಳೆಯಬೇಕು, ಮೀನು ಎಲ್ಲಿ ಒಣಗಿಸಬೇಕು.

ಕಾರವಾರದ ಮಟ್ಟಿಗೆ ಮೊದಲು ಆಗಬೇಕಾದ ಕೆಲಸ ದೊಡ್ಡದೇನಲ್ಲ. ಕೋಡಿಬಾಗದಿಂದ ಅಲಿಗದ್ದಾ ದಾಟಿ ಬೈತಖೋಲದ ತನಕ ಒಂದೇ ನಕ್ಷೆ ಮಾಡಲಿ. ಅದರಲ್ಲಿ ಬಂದರಿನ ಗಡಿ, ಭರತದ (ಉಬ್ಬರದ) ಗೆರೆ, ಗೋಡೆ ಬರುವ ಜಾಗ, ರಂಪಣಿ ಎಳೆಯುವ ಜಾಗ, ದೋಣಿ ನಿಲ್ಲಿಸುವ ಜಾಗ, ಉದ್ಯಾನ ಎಲ್ಲವನ್ನೂ ಗುರುತು ಮಾಡಲಿ. ಹೆಸರುಗಳು ಕನ್ನಡದಲ್ಲೂ ಕೊಂಕಣಿಯಲ್ಲೂ ಇರಲಿ. ಅದನ್ನು ಮಯೂರವರ್ಮ ವೇದಿಕೆಯಲ್ಲೇ ತೂಗುಹಾಕಿ, ಮೀನು ಪೇಟೆ ಮುಗಿಯುವ ಹೊತ್ತಿಗೆ ಜನರನ್ನು ಕರೆಯಲಿ. ಬಲೆ ಎಳೆಯುವವರು ಅದರ ಮೇಲೆ ಕೈಯಿಟ್ಟು ತೋರಿಸಿದ ಮೇಲೆ ಎಂಜಿನಿಯರುಗಳು ಮಾತಾಡಲಿ.