ಫ್ರೆಂಚ್ ಡಿಫೆನ್ಸ್ ಅಡ್ವಾನ್ಸ್: ಡಿ4 ಕಾಲಾಳಿನ ಲೆಕ್ಕ

ಚೆಸ್ ಆಟದಲ್ಲಿ ಬಿಳಿಯ ಇ4ಕ್ಕೆ ಕಪ್ಪು ಇ6 ಆಡುವ ಆರಂಭವೇ ಫ್ರೆಂಚ್ ಡಿಫೆನ್ಸ್; 3ನೇ ನಡೆಯಲ್ಲಿ ಬಿಳಿ ಕಾಲಾಳನ್ನು ಇ5ಕ್ಕೆ ತಳ್ಳಿದರೆ ಅದು ಅಡ್ವಾನ್ಸ್. (ಮಂತ್ರಿ ಎಂದರೆ ಕ್ವೀನ್, ಒಂಟೆ ಎಂದರೆ ಬಿಷಪ್; ಅಂಕಿಯ ಮುಂದೆ ಮೂರು ಚುಕ್ಕೆ ಇದ್ದರೆ ಅದು ಕಪ್ಪಿನ ನಡೆ.)

ನಡೆಗಳು: 1. ಇ4 ಇ6 2. ಡಿ4 ಡಿ5 3. ಇ5 ಸಿ5 4. ಸಿ3 ಕುದುರೆ ಸಿ6 5. ಕುದುರೆ ಎಫ್3 ಮಂತ್ರಿ ಬಿ6.

ಇ5 ಕಾಲಾಳು ಕಪ್ಪು ಕುದುರೆಗೆ ಎಫ್6 ಮನೆ ಬಿಡುವುದಿಲ್ಲ. ಹಾಗಾಗಿ ಬಿಳಿಯ ಕಣ್ಣು ರಾಜನ ಕಡೆಗೆ. ಆದರೆ ಇ5ಕ್ಕೆ ಆಧಾರ ಡಿ4. ಅದಕ್ಕೇ ಕಪ್ಪು ಎಲ್ಲ ಬಲವನ್ನೂ ಡಿ4 ಮೇಲೆ ಹೂಡುತ್ತದೆ. ಪ್ರತಿ ನಡೆಗೂ ಒಂದೇ ಪ್ರಶ್ನೆ: ಡಿ4ಕ್ಕೆ ಹೊಡೆಯುವವರು ಎಷ್ಟು, ಕಾಯುವವರು ಎಷ್ಟು?

6. ಒಂಟೆ ಡಿ3

ಗೊಂದಲವೆಲ್ಲ ಇಲ್ಲೇ, ನಿಧಾನವಾಗಿ ನೋಡಿ. ಒಂಟೆ ಡಿ3ರಲ್ಲಿ ಕೂತರೆ ಡಿ1ರ ಮಂತ್ರಿಗೆ ದಾರಿ ಮುಚ್ಚಿತು. 6...ಸಿ ಕಾಲಾಳಿನಿಂದ ಡಿ4 ಹೊಡೆದು 7. ಸಿ ಕಾಲಾಳಿನಿಂದ ವಾಪಸ್ ಹೊಡೆದ ಮೇಲೆ ಡಿ4 ಮೇಲೆ ಕಪ್ಪಿನ ಇಬ್ಬರು (ಸಿ6 ಕುದುರೆ, ಬಿ6 ಮಂತ್ರಿ), ಕಾಯುವುದು ಎಫ್3 ಕುದುರೆ ಒಂದೇ. ಲೆಕ್ಕದ ಪ್ರಕಾರ ಕಾಲಾಳು ಪುಕ್ಕಟೆ. ಆದರೆ 7...ಕುದುರೆ ಡಿ4 ಹೊಡೆದು, 8. ಕುದುರೆ ಅದನ್ನು ಹೊಡೆದು, 8...ಮಂತ್ರಿ ಡಿ4 ಹೊಡೆದರೆ 9. ಒಂಟೆ ಬಿ5 ಚೆಕ್! ಸಿ6, ಡಿ7 ಎರಡೂ ಖಾಲಿ, ಹಾಗಾಗಿ ಚೆಕ್ ನೇರ ಇ8ಕ್ಕೆ. ಅದೇ ಹೊತ್ತಿಗೆ ಡಿ ಸಾಲು ತೆರೆದು ಡಿ1ರ ಮಂತ್ರಿ ಡಿ4ರ ಮಂತ್ರಿಯನ್ನು ನೋಡುತ್ತಿದೆ. ಚೆಕ್ ಕಾಯುವುದರೊಳಗೆ ಮಂತ್ರಿ ಹೋಯಿತು.

ಪರಿಹಾರ 7...ಒಂಟೆ ಡಿ7. ಈಗ ಒಂಟೆ ಬಿ5ಕ್ಕೆ ಬಂದರೂ ಚೆಕ್ ಅಲ್ಲ, ಕಪ್ಪು ಮಂತ್ರಿಯೇ ಡಿ1 ಹೊಡೆಯುತ್ತದೆ. ಅಂದರೆ ಈಗ ಬೆದರಿಕೆ ನಿಜ.

ಹಾಗಾದರೆ 6ನೇ ನಡೆಯಲ್ಲೇ ಒಂಟೆ ಡಿ7 ಆಡಬಾರದೇ? ಕ್ರಮ ತಪ್ಪಿದರೆ ಏನಾಗುತ್ತದೆ ಎಂದು 1911ರ ಕಾರ್ಲ್ಸ್‌ಬಾಡ್‌ನಲ್ಲಿ ನಡೆದ ಪಂದ್ಯಾವಳಿಯಲ್ಲಿ ಬಿಳಿ ಆಡಿದ ನಿಮ್ಜೋವಿಚ್ ಎದುರಾಳಿ ಸಾಲ್ವೆಗೆ ತೋರಿಸಿದರು: 7. ಡಿ ಕಾಲಾಳಿನಿಂದ ಸಿ5 ಹೊಡೆತ! ಕಾಯಬೇಕಿದ್ದ ಡಿ4 ಕಾಲಾಳೇ ಇಲ್ಲ. ಬಿಳಿ ಕಾಯಿಗಳು ಡಿ4, ಇ5 ಮನೆಗಳಲ್ಲಿ ಬೀಡುಬಿಟ್ಟು ಪಂದ್ಯ ಗೆದ್ದವು. ಮೊದಲು ಹೊಡೆಯಿರಿ, ಆಮೇಲೆ ಡಿ7.

ಇನ್ನು 7...ಒಂಟೆ ಡಿ7 ಆದ ಮೇಲೆ 8. ಕ್ಯಾಸಲಿಂಗ್ ಮಾಡಿ ಬಿಳಿ ಡಿ4 ಬಿಟ್ಟುಕೊಟ್ಟರೆ ಅದು ಮಿಲ್ನರ್-ಬ್ಯಾರಿ ಗ್ಯಾಂಬಿಟ್ (ದಾಳಿಗಾಗಿ ಕಾಲಾಳು ಬಲಿ ಕೊಡುವ ಆಟ). 8...ಕುದುರೆ ಹೊಡೆತ, 9. ಕುದುರೆ ಹೊಡೆತ ಮಂತ್ರಿ ಹೊಡೆತ 10. ಕುದುರೆ ಸಿ3. ಆಸೆಪಟ್ಟು 10...ಮಂತ್ರಿ ಇ5 ಹೊಡೆದರೆ 11. ಆನೆ ಇ1, ಮಂತ್ರಿ ಡಿ6ಕ್ಕೆ ಹೋದರೆ 12. ಕುದುರೆ ಬಿ5. ಕಪ್ಪು ರಾಜ ಇನ್ನೂ ನಡುಮನೆಯಲ್ಲಿ, ರಕ್ಷಣೆ ಬಲು ಕಷ್ಟ. 10...ಎ6 ಹೆಚ್ಚು ಕ್ಷೇಮ, ಬಿ5 ಮನೆ ಸಿಗದಂತಾಗುತ್ತದೆ. ಬಳಿಕ 11. ಮಂತ್ರಿ ಇ2 (ಇ5 ಕಾಯಲು) ಕುದುರೆ ಇ7 12. ರಾಜ ಎಚ್1. ರಾಜ ಮೂಲೆಗೇಕೆ? ಡಿ4ರ ಮಂತ್ರಿ ಜಿ1ನ್ನು ನೋಡುತ್ತಿರುವಾಗ ಎಫ್2 ಕಾಲಾಳು ಪಿನ್ ಆಗಿದೆ (ಸರಿದರೆ ರಾಜನಿಗೆ ಚೆಕ್), ಎಫ್4 ಆಡಲು ನಿಯಮವೇ ಬಿಡದು. ರಾಜ ಸರಿದ ಮೇಲೆ ಎಫ್4 ಸಾಧ್ಯ.

6. ಎ3

6ನೇ ನಡೆಯಲ್ಲಿ ಬಿಳಿಯ ಇನ್ನೊಂದು ಆಯ್ಕೆ ಇದು, ಬಿ4ಕ್ಕೆ ಸಿದ್ಧತೆ. 6...ಕುದುರೆ ಎಚ್6 7. ಬಿ4 ಆಡಿ, ಡಿ4ರಲ್ಲಿ ಕಾಲಾಳು ಬದಲಾದ ಮೇಲೆ 8...ಕುದುರೆ ಎಫ್5: ಹೊಡೆಯುವವರು ಮೂವರು, ಕಾಯುವವರು ಇಬ್ಬರು (ಎಫ್3 ಕುದುರೆ, ಡಿ1 ಮಂತ್ರಿ). ಅದಕ್ಕೇ 9. ಒಂಟೆ ಬಿ2. ಮೂರಕ್ಕೆ ಮೂರು, ಡಿ4 ಉಳಿಯಿತು. ಮುಂದೆ ಬಿಳಿ ಜಿ4ರಿಂದ ಎಫ್5 ಕುದುರೆ ಓಡಿಸಲು ನೋಡುತ್ತದೆ. ಕಪ್ಪು ಎಚ್5 ಆಡಿ ತಡೆಯಬಹುದು, ಆದರೆ ಜಿ5 ಮನೆ ಕಾಯಲು ಎಚ್6 ಇನ್ನು ಸಿಗದು.

6...ಸಿ4 ಬೇರೆಯೇ ಆಟ. ಬಿಳಿ ಬಿ4 ಆಡಿದರೆ ಕಪ್ಪು ಆನ್‌ಪಾಸಾಂ ಹೊಡೆಯುತ್ತದೆ (ಎರಡು ಮನೆ ಜಿಗಿದ ಕಾಲಾಳನ್ನು ಒಂದೇ ಮನೆ ಸರಿದಂತೆ ಹೊಡೆಯುವುದು). ಬಿ3 ಮನೆಗೆ ಕುದುರೆ ಎ5 ಮೂಲಕ ಬರುತ್ತದೆ. ಆದರೆ ಡಿ4 ಮೇಲಿನ ಒತ್ತಡ ಇಳಿದು ಬಿಳಿಗೆ ರಾಜನ ಕಡೆ ನೆಮ್ಮದಿಯಾಗಿ ಮುನ್ನುಗ್ಗಲು ಸಮಯ ಸಿಗುತ್ತದೆ. ಆಗ ಕಪ್ಪಿನ ಅಸ್ತ್ರ ಎಫ್6. ಅದನ್ನು ಕಾಯಿಗಳು ಹೊರಬರುವ ಮುನ್ನ ಆಡಿದರೆ, ಬಿಳಿಯ ಇ5 ಕಾಲಾಳು ಅದನ್ನು ಹೊಡೆದ ಮೇಲೆ ಕಪ್ಪಿನ ಇ6 ಕಾಲಾಳು ಒಂಟಿಯಾಗಿ ಹಿಂದೆ ಉಳಿದು, ಇ5 ಬಿಳಿ ಕುದುರೆಯ ಮನೆಯಾಗುತ್ತದೆ.